ಬೀಪ್ ಬಂದರೆ ಕೇಬಲ್ ಸರಿಯಿದೆ ಎಂದೇ? ಮೈಕ್ ಸೆಟ್ ಪ್ರಶ್ನೋತ್ತರ

ಪ್ರಶ್ನೆ: ಯಕ್ಷಗಾನ ಬಯಲಾಟಗಳಿಗೆ ಮೈಕ್ ಸೆಟ್ ಒದಗಿಸುತ್ತೇವೆ. ಹೊರಡುವ ಮೊದಲು ಎಲ್ಲ ಕೇಬಲ್‌ಗಳನ್ನೂ ಮಲ್ಟಿಮೀಟರ್‌ನಲ್ಲಿ ನೋಡಿಯೇ ಒಯ್ಯುತ್ತೇವೆ, ಎಲ್ಲವೂ ಬೀಪ್ ಕೊಡುತ್ತವೆ. ಆದರೂ ಆಟದ ನಡುವೆ ಭಾಗವತರ ಮೈಕ್ ಬಿಟ್ಟು ಬಿಟ್ಟು ಬರುತ್ತದೆ. ಮಿಕ್ಸರ್ ರಿಪೇರಿಗೆ ಕೊಡಬೇಕೇ?
– ಹೊನ್ನಾವರದ ಓದುಗರು

ಉತ್ತರ: ಮಿಕ್ಸರ್ ಬಿಚ್ಚುವ ಮಾತು ಆಮೇಲೆ. ಬಿಟ್ಟು ಬಿಟ್ಟು ಬರುವ ದೋಷ ಹೆಚ್ಚಿನ ಸಲ ಕೇಬಲ್ಲಿನದು, ಅದರಲ್ಲೂ ಕನೆಕ್ಟರ್‌ನಿಂದ ಒಂದು ಗೇಣಿನೊಳಗಿನದು. ಬೀಪ್ ಅನ್ನು ಅಷ್ಟಾಗಿ ನಂಬಬೇಡಿ. ಹಲವು ಮೀಟರ್‌ಗಳು 30ರಿಂದ 50 ಓಮ್ ತನಕವೂ ಬೀಪ್ ಎನ್ನುತ್ತವೆ. ಒಳತಂತಿಯ ಎಳೆಗಳೆಲ್ಲ ತುಂಡಾಗಿ ಒಂದೇ ಎಳೆ ಉಳಿದಿದ್ದರೂ, ಮೇಜಿನ ಮೇಲೆ ಅಲುಗದೆ ಬಿದ್ದಿರುವಷ್ಟು ಹೊತ್ತು ಆ ಕೇಬಲ್ ಪಾಸಾಗುತ್ತದೆ.

ಪರೀಕ್ಷೆಯನ್ನು ಎರಡು ಹಂತದಲ್ಲಿ ಮಾಡಿ. ಕೇಬಲ್ಲಿನ ಎರಡೂ ತುದಿ ಕಳಚಿ ಒಂದೇ ಕಡೆ ತನ್ನಿ. ಮೀಟರನ್ನು 200 ಓಮ್‌ಗೆ ಇಟ್ಟು, ಮೊದಲು ಎರಡು ಪ್ರೋಬ್‌ಗಳನ್ನು ಒಂದಕ್ಕೊಂದು ತಾಗಿಸಿ ಬರುವ ಅಂಕಿಯನ್ನು ಗುರುತು ಹಾಕಿಕೊಳ್ಳಿ, ಮುಂದಿನ ಪ್ರತಿ ಅಳತೆಯಲ್ಲೂ ಅದನ್ನು ಕಳೆಯಬೇಕು. ಎಕ್ಸ್‌ಎಲ್‌ಆರ್‌ನಲ್ಲಿ, ಅಂದರೆ ಮೈಕ್ ಕೇಬಲ್ಲಿನ ಮೂರು ಪಿನ್ನಿನ ಕನೆಕ್ಟರ್‌ನಲ್ಲಿ, ಪಿನ್ 1 ಶೀಲ್ಡ್ (ಒಳತಂತಿಗಳನ್ನು ಸುತ್ತಿರುವ ಲೋಹದ ಹೊದಿಕೆ), 2 ಹಾಟ್, 3 ಕೋಲ್ಡ್ (ಧ್ವನಿ ಒಯ್ಯುವ ಎರಡು ಒಳತಂತಿಗಳು). ಆ ತುದಿಯ 2ರಿಂದ ಈ ತುದಿಯ 2ಕ್ಕೆ, 3ರಿಂದ 3ಕ್ಕೆ, 1ರಿಂದ 1ಕ್ಕೆ ಅಳೆಯಿರಿ. 0.22 ಚದರ ಮಿ.ಮೀ. ತಂತಿಯ 20 ಮೀಟರ್ ಕೇಬಲ್ಲಿಗೆ 2 ಮತ್ತು 3ರಲ್ಲಿ ಸುಮಾರು 1.6 ಓಮ್ ಬರಬೇಕು. ಅಂಕಿಗಿಂತ ಮುಖ್ಯವಾದದ್ದು ಇವೆರಡರ ಹೊಂದಾಣಿಕೆ. ಒಂದರಲ್ಲಿ 1.6, ಇನ್ನೊಂದರಲ್ಲಿ 4 ಬಂದರೆ ಬೀಪ್ ಎಷ್ಟೇ ಗಟ್ಟಿಯಾಗಿರಲಿ, ಆ ಕೇಬಲ್ ರಂಗಕ್ಕೆ ಹೋಗಕೂಡದು. ಬಳಿಕ 1–2, 1–3, 2–3 ನಡುವೆ ನೋಡಿ, ಎಲ್ಲೂ ಸಂಪರ್ಕ ಕಾಣಬಾರದು.

ಎರಡನೇ ಹಂತಕ್ಕೆ ಬೀಪ್ ಬೇಕು, ಏಕೆಂದರೆ ಅಂಕಿ ನಿಧಾನ, ಬೀಪ್ ಚುರುಕು. ಪಿನ್‌ಗಳಿಗೆ ಮೊಸಳೆ ಕ್ಲಿಪ್ ಕಚ್ಚಿಸಿ, ಕನೆಕ್ಟರ್ ಬುಡದಲ್ಲಿ ಕೇಬಲ್ಲನ್ನು ನಾಲ್ಕೂ ದಿಕ್ಕಿಗೆ ಬಗ್ಗಿಸಿ, ಮೆಲ್ಲಗೆ ಒಳಕ್ಕೆ ಒತ್ತಿ, ಹೊರಕ್ಕೆ ಎಳೆಯಿರಿ. ಬೀಪ್ ಒಂದು ಕ್ಷಣ ಕಡಿದರೂ ರೋಗ ಅಲ್ಲೇ ಇದೆ. 1–2, 1–3, 2–3 ಅಡ್ಡ ಜೋಡಿಗಳನ್ನೂ ಹೀಗೇ ಬಗ್ಗಿಸುತ್ತ ನೋಡಿ: ಶೀಲ್ಡಿನ ಒಂದು ಕೂದಲೆಳೆ ಆಗೊಮ್ಮೆ ಈಗೊಮ್ಮೆ 2ಕ್ಕೋ 3ಕ್ಕೋ ತಾಗುತ್ತಿರುತ್ತದೆ.

ಕಿವಿಯಿಂದಲೂ ಕಾರಣ ಹಿಡಿಯಬಹುದು. ಡೈನಾಮಿಕ್ ಮೈಕ್ ಮಾತಾಡುತ್ತಿದೆ ಆದರೆ ಗುಂಯ್ ಎನ್ನುತ್ತಿದೆ ಎಂದರೆ 1 ಕಡಿದಿರಬಹುದು. ಧ್ವನಿ ಸಣಕಲಾಗಿ ದೂರ ಸರಿದಂತಿದ್ದರೆ 2 ಅಥವಾ 3 ಕಡಿದಿದೆ. 2 ಮತ್ತು 3 ಒಂದಕ್ಕೊಂದು ತಾಗಿದರೆ ಪೂರ್ತಿ ಮೌನ.

ದುರಸ್ತಿಗೆ ಕನೆಕ್ಟರ್ ಕತ್ತರಿಸಿ, ನಾಲ್ಕೈದು ಸೆಂ.ಮೀ. ಹಿಂದಿನಿಂದ ಸಿಪ್ಪೆ ಸುಲಿಯಿರಿ. ಕರಾವಳಿಯ ಕೇಬಲ್‌ಗಳಲ್ಲಿ ಉಪ್ಪಿನ ತೇವ ಶೀಲ್ಡ್ ಹಿಡಿದುಕೊಂಡೇ ಒಳಗೆ ಹೋಗುತ್ತದೆ, ತಾಮ್ರ ಕಪ್ಪಗಾಗುತ್ತದೆ. ಕಪ್ಪು ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ, ಮೇಲೆ ಕೂತಂತೆ ಕಾಣುತ್ತದೆ ಅಷ್ಟೇ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸುತ್ತ ಹೋಗಿ. ಅರ್ಧ ಮೀಟರ್ ಕತ್ತರಿಸಿದರೂ ಕಪ್ಪೇ ಇದ್ದರೆ ಆ ಕೇಬಲ್ಲಿನ ಆಸೆ ಬಿಡಿ. ಬೂಟ್ (ಕನೆಕ್ಟರ್ ಹಿಂಬದಿಯ ತೋಳು) ಮತ್ತು ಕೇಬಲ್ ಬಿಗಿಹಿಡಿಯುವ ಕ್ಲ್ಯಾಂಪ್ ಮೊದಲೇ ಕೇಬಲ್ಲಿಗೆ ಏರಿಸಿಟ್ಟುಕೊಳ್ಳಿ. 40 ವ್ಯಾಟ್ ಐರನ್, 60/40 ರೋಸಿನ್ ಸೋಲ್ಡರ್ ಸಾಕು. ತಂತಿಗೂ ಪಿನ್ ಬಟ್ಟಲಿಗೂ ಬೇರೆ ಬೇರೆ ಸೀಸ ಹಚ್ಚಿ, ಆಮೇಲೆ ಎರಡನ್ನೂ ಎರಡು–ಮೂರು ಸೆಕೆಂಡಿನಲ್ಲಿ ಕೂಡಿಸಿ. ಹೆಚ್ಚು ಹೊತ್ತು ಕಾಯಿಸಿದರೆ ಒಳಗಿನ ಪ್ಲಾಸ್ಟಿಕ್ ಮೆತ್ತಗಾಗಿ ಪಿನ್ ಓರೆಯಾಗುತ್ತದೆ. ಎದುರು ಕನೆಕ್ಟರ್ ಒಂದನ್ನು ಸಿಕ್ಕಿಸಿಟ್ಟು ಬೆಸೆದರೆ ಪಿನ್ ನೆಟ್ಟಗೇ ಉಳಿಯುತ್ತದೆ. ಕ್ಲ್ಯಾಂಪ್ ಹೊರಸಿಪ್ಪೆಯನ್ನೇ ಕಚ್ಚಬೇಕು. ಒಳತಂತಿಗಳ ಮೇಲೆ ಬಿಗಿದರೆ ಎಳೆತವೆಲ್ಲ ಬೆಸುಗೆಯ ಮೇಲೆ ಬಿದ್ದು ಕೆಲವೇ ಆಟಗಳಲ್ಲಿ ಮತ್ತೆ ಕಡಿಯುತ್ತದೆ.

ಪ್ರಶ್ನೆ: ದೇವಸ್ಥಾನದ ಭಜನೆಗೆ ಎರಡು ಕಂಡೆನ್ಸರ್ ಮೈಕ್ ಇವೆ. ಫ್ಯಾಂಟಮ್ ಪವರ್ (ಮಿಕ್ಸರ್ ಕೇಬಲ್ಲಿನ ಮೂಲಕವೇ ಮೈಕಿಗೆ ಕೊಡುವ ವಿದ್ಯುತ್) ಹಾಕಿದರೆ ಒಂದು ಕೆಲಸ ಮಾಡುತ್ತದೆ, ಇನ್ನೊಂದು ಇಲ್ಲ. ದೋಷ ಮೈಕಿನದೋ ಮಿಕ್ಸರ್‌ನದೋ?
– ಕಾರವಾರದ ಓದುಗರು

ಉತ್ತರ: ಚಾನೆಲ್ ಮ್ಯೂಟ್ ಮಾಡಿ, ಮೈಕ್ ಬಿಚ್ಚಿ, ಕೇಬಲ್ಲಿನ ಮೈಕ್ ತುದಿಯಲ್ಲೇ ಅಳೆಯಿರಿ. ಮೀಟರ್ 200 ವೋಲ್ಟ್ ಡಿಸಿಯಲ್ಲಿರಲಿ. ಕಪ್ಪು ಪ್ರೋಬ್ 1ಕ್ಕೆ, ಕೆಂಪು 2ಕ್ಕೆ, ಆಮೇಲೆ 3ಕ್ಕೆ. ಎರಡರಲ್ಲೂ 44ರಿಂದ 52 ವೋಲ್ಟ್ ಒಳಗೆ, ಹೆಚ್ಚುಕಡಿಮೆ ಒಂದೇ ಅಂಕಿ ಬರಬೇಕು. ಒಂದರಲ್ಲಿ ಬಂದು ಇನ್ನೊಂದರಲ್ಲಿ ಬಾರದಿದ್ದರೆ ಅದೇ ಅಳತೆಯನ್ನು ಮಿಕ್ಸರ್ ಬುಡದಲ್ಲಿ ಮಾಡಿ: ಅಲ್ಲಿ ಸರಿಯಿದ್ದರೆ ಕೇಬಲ್ ಕೆಟ್ಟಿದೆ, ಅಲ್ಲೂ ಇಲ್ಲದಿದ್ದರೆ ಆ ಚಾನೆಲ್. ಎಲ್ಲ ಕಡೆ ಸರಿಯಿದ್ದರೆ ಮೈಕನ್ನೇ ಅನುಮಾನಿಸಿ.

ಮೈಕ್ ಜೋಡಿಸಿದ ಮೇಲೆ ಅಳೆದು 34 ವೋಲ್ಟ್ ಬಂತೆಂದು ಗಾಬರಿಯಾಗಬೇಡಿ. 2 ಮತ್ತು 3ಕ್ಕೆ ತಲಾ 6.8 ಕಿಲೋ ಓಮ್ ರೆಸಿಸ್ಟರ್ ಮೂಲಕ ವಿದ್ಯುತ್ ಬರುತ್ತದೆ. ಮೈಕ್ 4 ಮಿಲಿ ಆಂಪಿಯರ್ ಎಳೆದರೆ ಅಲ್ಲೇ 13–14 ವೋಲ್ಟ್ ಇಳಿಯುವುದು ಸಹಜ.

ಮಳೆಗಾಲದಲ್ಲಿ ಮಾತ್ರ ಚಟಪಟ ಎನ್ನುವ ಕಂಡೆನ್ಸರ್ ಮೈಕ್ ಕೆಟ್ಟಿರಲಿಕ್ಕಿಲ್ಲ, ಒಳಗೆ ಧ್ವನಿ ಹಿಡಿಯುವ ಕ್ಯಾಪ್ಸೂಲ್ ತೇವಗೊಂಡಿರುತ್ತದೆ. ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಒಂದೆರಡು ದಿನ ಇಟ್ಟು ನೋಡಿ. ಬಿಸಿಲಿಗೆ ಇಡಬೇಡಿ, ಹೇರ್ ಡ್ರೈಯರ್ ಹಿಡಿಯಲೇಬೇಡಿ.

ಪ್ರಶ್ನೆ: ಸಭಾಭವನದಲ್ಲಿ ಲ್ಯಾಪ್‌ಟಾಪ್ ಜೋಡಿಸಿದ ಕೂಡಲೇ ಗುಂಯ್ ಸದ್ದು. ಪ್ಲಗ್ಗಿನ ಅರ್ತ್ ಪಿನ್ ಮುರಿದರೆ ನಿಲ್ಲುತ್ತದೆ ಎಂದರು, ನಿಂತಿತು. ಹಾಗೇ ಬಿಡಬಹುದೇ?
– ಶಿರಸಿಯ ಓದುಗರು

ಉತ್ತರ: ಖಂಡಿತ ಬೇಡ, ಇವತ್ತೇ ಪ್ಲಗ್ ಬದಲಿಸಿ. ಆಂಪ್ಲಿಫಯರ್ ಒಳಗೆ ಫೇಸ್ ತಂತಿ ಕವಚಕ್ಕೆ ತಾಗಿದರೆ ಫ್ಯೂಸ್ ಹಾರಿಸುವುದು ಆ ಅರ್ತ್. ಅದಿಲ್ಲದಿದ್ದರೆ 230 ವೋಲ್ಟ್ ಕೇಬಲ್ಲಿನ ಶೀಲ್ಡ್ ಹಿಡಿದು ಮೈಕಿನ ಲೋಹದ ಮೈಗೆ ಬರುತ್ತದೆ. ಘಟ್ಟದ ಮೇಲಿನ ಮಳೆಯಲ್ಲಿ, ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಅದನ್ನು ಹಿಡಿಯುವವರು ಹಾಡುವವರು.

ಎರಡು ದಾರಿಯಲ್ಲಿ ಅರ್ತ್ ಸೇರಿ ವರ್ತುಲವಾದಾಗ 50 ಹರ್ಟ್ಸ್‌ನ ಗುಂಯ್ ಹುಟ್ಟುತ್ತದೆ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ನೋಡಿ. ಸದ್ದು ನಿಂತರೆ ರೋಗ ಅದೇ. ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಲ್ಯಾಪ್‌ಟಾಪಿನ ಸಿಗ್ನಲ್ಲನ್ನು ಮಿಕ್ಸರ್‌ಗೆ ಹೊಂದಿಸುವ ಪುಟ್ಟ ಪೆಟ್ಟಿಗೆ) ನಡುವೆ ಹಾಕಿ, ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಅಲ್ಲಿ ಕಡಿಯುವುದು ಸಿಗ್ನಲ್ ಕೇಬಲ್ಲಿನ ಶೀಲ್ಡ್ ಮಾತ್ರ. ಲ್ಯಾಪ್‌ಟಾಪನ್ನೂ ಮಿಕ್ಸರನ್ನೂ ಒಂದೇ ಬೋರ್ಡಿನಿಂದ ಎಳೆಯಿರಿ. ಭವನದ ಸಾಕೆಟ್ಟಿನಲ್ಲಿ ಫೇಸ್–ನ್ಯೂಟ್ರಲ್ ಮತ್ತು ಫೇಸ್–ಅರ್ತ್ ವೋಲ್ಟೇಜ್ ಸುಮಾರು ಒಂದೇ ಇರಬೇಕು; ಎರಡನೆಯದು ತೀರಾ ಕಡಿಮೆಯಾದರೆ ಅರ್ತಿಂಗ್ ಸರಿಯಿಲ್ಲ. ಸಣ್ಣ ಜನರೇಟರ್‌ಗಳಲ್ಲಿ ನ್ಯೂಟ್ರಲ್ಲನ್ನು ಅರ್ತ್‌ಗೆ ಕಟ್ಟಿರದೇ ಇರಬಹುದು, ಅಲ್ಲಿ ಈ ಲೆಕ್ಕ ನಡೆಯದು. ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸಿ.

ಪ್ರಶ್ನೆ: ತಾಳಮದ್ದಳೆಯಲ್ಲಿ ಇಬ್ಬರು ಅರ್ಥಧಾರಿಗಳ ಮೈಕ್ ಅಕ್ಕಪಕ್ಕ ಇಟ್ಟರೆ ಧ್ವನಿ ಟೊಳ್ಳಾಗುತ್ತದೆ. ಒಂದನ್ನು ಮುಚ್ಚಿದರೆ ಸರಿ.
– ಕುಮಟಾದ ಓದುಗರು

ಉತ್ತರ: ಒಂದು ಕೇಬಲ್ಲಿನಲ್ಲಿ 2 ಮತ್ತು 3 ಅದಲುಬದಲಾಗಿರಬಹುದು. ಒಂದೇ ಬಗೆಯ ಎರಡು ಮೈಕ್‌ಗಳನ್ನು ಒಟ್ಟಿಗೆ ಹಿಡಿದು, ಗೇನ್ ಸಮ ಮಾಡಿ, ಮಾತಾಡಿ. ಎರಡೂ ತೆರೆದಾಗ ಧ್ವನಿ ತುಂಬಿಕೊಳ್ಳಬೇಕು. ತಗ್ಗಿದರೆ ತಪ್ಪಿರುವ ಕೇಬಲ್ಲಿನ ಒಂದು ತುದಿ ಬಿಚ್ಚಿ 2 ಮತ್ತು 3ರ ತಂತಿಗಳನ್ನು ಅದಲುಬದಲು ಮಾಡಿ. ಪರೀಕ್ಷೆ ಸರಿಬಂದರೂ ರಂಗದಲ್ಲಿ ಟೊಳ್ಳಾದರೆ ಅದು ದೂರದ ವ್ಯತ್ಯಾಸದಿಂದ ಆಗುವುದು, ಮೈಕ್‌ಗಳನ್ನು ಇನ್ನಷ್ಟು ದೂರ ಸರಿಸಿ.

ಪ್ರಶ್ನೆ: 30 ಮೀಟರ್ ದೂರದ ಎರಡು 8 ಓಮ್ ಸ್ಪೀಕರ್‌ಗಳಿಗೆ ಒಂದೇ 1.5 ಚದರ ಮಿ.ಮೀ. ವೈರ್ ಎಳೆದಿದ್ದೇವೆ. ಸದ್ದು ತುಂಬ ಕಡಿಮೆ. ದಪ್ಪ ವೈರ್ ಹಾಕಬೇಕೇ?
– ಅಂಕೋಲಾದ ಓದುಗರು

ಉತ್ತರ: ಹಾಕಿದರೆ ಒಳ್ಳೆಯದು, ಆದರೆ ಮೂಲ ದೋಷ ಬೇರೆಲ್ಲೋ ಇದೆ. ಹೋಗಿ ಬರುವ 60 ಮೀಟರ್‌ಗೆ ಸುಮಾರು 0.7 ಓಮ್, ಎರಡು ಸ್ಪೀಕರ್ ಸೇರಿ 4 ಓಮ್. ಲೆಕ್ಕ ಹಾಕಿದರೆ ಪವರ್ ಕಾಲು ಭಾಗಕ್ಕಿಂತ ತುಸು ಹೆಚ್ಚು ನಷ್ಟ, ಅಂದರೆ 1.4 ಡೆಸಿಬೆಲ್ ಮಾತ್ರ. ಕಿವಿಗೆ ಅದು ‘ತುಂಬ ಕಡಿಮೆ’ ಅನಿಸದು. ವೈರ್ ಕಳಚಿ ಪ್ರತಿ ಸ್ಪೀಕರನ್ನು ಬೇರೆಯಾಗಿ ಅಳೆಯಿರಿ: 8 ಓಮ್‌ನದ್ದು ಮೀಟರಿನಲ್ಲಿ 5.5ರಿಂದ 6.5 ತೋರಿಸಬೇಕು. ತಿರುಚಿ ಟೇಪ್ ಸುತ್ತಿದ ಜೋಡಣೆಗಳನ್ನು ಬಿಚ್ಚಿ ನೋಡಿ, ಹಸಿರು ಕಿಲುಬು ಕಟ್ಟಿದ್ದರೆ ಅಲ್ಲೇ ಸದ್ದು ಸೋರುತ್ತಿದೆ. ಕಿಲುಬನ್ನು ಕೆರೆದು ಮತ್ತೆ ತಿರುಚಬೇಡಿ. ಆ ತುಂಡು ಕತ್ತರಿಸಿ, ಬೆಸೆದು, ಹೀಟ್ ಶ್ರಿಂಕ್ ಸ್ಲೀವ್ ಹಾಕಿ.