ಹುಳು ಮನೆಯಲ್ಲಿ ಶಿಟಾಕೆ ಅಣಬೆ ಬೆಳೆಯಬಹುದಾ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕು, ರೇಷ್ಮೆ ಬೆಳೆಯುತ್ತೇವೆ. ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ತನಕ ಹುಳು ಮನೆ ಖಾಲಿ. ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯೂ ರಾಶಿ ಬಿದ್ದಿದೆ. ಚಿಪ್ಪು ಅಣಬೆಗಿಂತ ಶಿಟಾಕೆಗೆ ಬೆಲೆ ಜಾಸ್ತಿ ಅಂತ ಮಗ ಹಟ ಹಿಡಿದಿದ್ದಾನೆ. ಹುಳು ಮನೆಯಲ್ಲೇ ಮಾಡಬಹುದಾ?

ಉತ್ತರ: ಕಡ್ಡಿ ಆಗುತ್ತದೆ, ಮನೆ ಆಗಲ್ಲ.

ಎರಡು ಬೆಳೆ ನಡುವೆ ನಿಮಗೆ ಸಿಗೋದು ಕೆಲವೇ ದಿನ. ಶಿಟಾಕೆ ಹೊಟ್ಟು ತುಂಬಿದ ಚೀಲದೊಳಗೇ ಎರಡು ಮೂರು ತಿಂಗಳು ಕೂರುತ್ತದೆ. ಅಷ್ಟರಲ್ಲಿ ನೀವು ಹುಳು ಮನೆಯ ರೋಗಾಣು ಕೊಲ್ಲಲು ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಹೊಡೆಯಲೇಬೇಕು. ಅದು ಅಣಬೆ ಬೂಜನ್ನೂ, ಅಂದರೆ ಅಣಬೆ ಹುಟ್ಟುವ ಬಿಳಿ ಎಳೆಯನ್ನೂ, ಬಿಡಲ್ಲ. ಅದಕ್ಕಿಂತ ನನಗೆ ಭಯ ಇನ್ನೊಂದಿದೆ. ಹತ್ತು ಚೀಲದಲ್ಲಿ ಒಂದಾದರೂ ಕೆಟ್ಟು ಹಸಿರು ಬೂಜು ಹಿಡಿಯೋದು ಮಾಮೂಲು. ಅಂಥ ಬೂಜುಗಳಲ್ಲಿ ಆಸ್ಪರ್ಜಿಲಸ್ ಕೂಡ ಒಂದು. ಅದು ಚಾಕಿ ಹುಳುವನ್ನೇ, ಅಂದರೆ ಎಳೆ ರೇಷ್ಮೆ ಹುಳುವನ್ನೇ, ಕೊಲ್ಲುತ್ತದೆ. ಅಣಬೆ ಆಸೆಗೆ ಗೂಡು ಕಳೆದುಕೊಳ್ಳೋದು ಯಾಕೆ? ಹುಳು ಮನೆಯಿಂದ ದೂರ, ಅಲ್ಲಿಂದ ಗಾಳಿ ಹುಳು ಮನೆ ಕಡೆ ಬೀಸದಂತೆ ಬೇರೆ ಕೋಣೆ ನೋಡಿಕೊಳ್ಳಿ. ಕೆಟ್ಟ ಚೀಲವನ್ನು ಬಿಚ್ಚದೆ ಹೂತು ಹಾಕಿ.

ಇನ್ನು ಕಡ್ಡಿ. ಜಪಾನಿನಲ್ಲಿ 'ಶೀ' ಅನ್ನೋದು ಒಂದು ಮರ, 'ತಾಕೆ' ಅಂದರೆ ಅಣಬೆ. ಹೆಸರಲ್ಲೇ ಇದೆ, ಇದು ಮರದ ಮೇಲೆ ಬೆಳೆಯುವ ಅಣಬೆ. ರಾಗಿ ಹುಲ್ಲು, ಭತ್ತದ ಹುಲ್ಲು ಚಿಪ್ಪು ಅಣಬೆಗೇ ಇರಲಿ. ಹಿಪ್ಪುನೇರಳೆ ಕಡ್ಡಿಯನ್ನು ಚೆನ್ನಾಗಿ ಒಣಗಿಸಿ ಪುಡಿ ಮಾಡಿಸಿ, ಸಾ ಮಿಲ್ಲಿನ ಮಾವಿನ ಮರದ ಹೊಟ್ಟು ಬೆರೆಸಿ. ಎಲೆಚುಕ್ಕೆ ರೋಗಕ್ಕೆ ಔಷಧಿ ಹೊಡೆದ ತೋಟದ ಕಡ್ಡಿ ಬೇಡ, ಅದು ಅಣಬೆಗೂ ವಿಷವೇ. ಒಣ ತೂಕದಲ್ಲಿ ಎಂಟು ಪಾಲು ಈ ಬೆರೆಸಿದ ಹೊಟ್ಟು, ಎರಡು ಪಾಲು ಗೋಧಿ ಬೂಸಾ, ಮೇಲೆ ಚಿಟಿಕೆಯಷ್ಟು ಸುಣ್ಣದ ಕಲ್ಲಿನ ಪುಡಿ. ನೀರು ಎಷ್ಟು ಅಂತ ಮುಷ್ಟಿಯೇ ಹೇಳುತ್ತದೆ. ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು. ಸುರಿದರೆ ಜಾಸ್ತಿಯಾಯಿತು.

ಹೆಚ್ಚಿನವರು ಸೋಲೋದು ಬೇಯಿಸುವಲ್ಲಿ. ಹುಲ್ಲನ್ನು ಬಿಸಿನೀರಲ್ಲಿ ಅದ್ದಿ ತೆಗೆದಂತೆ ಇಲ್ಲಿ ನಡೆಯಲ್ಲ, ಬೂಸಾ ಸೇರಿದೆ ನೋಡಿ, ಬೇರೆ ಬೂಜು ಬೇಗ ಹಿಡಿಯುತ್ತದೆ. ಆಟೋಕ್ಲೇವ್ (ದೊಡ್ಡ ಕುಕ್ಕರಿನಂಥ ಒತ್ತಡದ ಹಬೆ ಯಂತ್ರ) ಇದ್ದರೆ 121 ಡಿಗ್ರಿಯಲ್ಲಿ ಎರಡು ಗಂಟೆ. ಡ್ರಮ್ಮಿನ ಹಬೆಯಾದರೆ ಆರೆಂಟು ಗಂಟೆ, ಸೌದೆ ಆರದಂತೆ ಯಾರಾದರೂ ಕೂತಿರಬೇಕು.

ಕಾಲ ಹಿಂದಿನಿಂದ ಲೆಕ್ಕ ಹಾಕಿ. ಅಣಬೆ ಬೂಜು ಹಬ್ಬಲು 22ರಿಂದ 25 ಡಿಗ್ರಿ ಸಾಕು, ಆದರೆ ಅಣಬೆ ಮೂಡಲು 12ರಿಂದ 20 ಡಿಗ್ರಿಯ ಚಳಿ ಬೇಕು. ನಮ್ಮ ಕಡೆ ಅದು ಚೆನ್ನಾಗಿ ಸಿಗೋದು ಡಿಸೆಂಬರ್, ಜನವರಿಯ ರಾತ್ರಿ. ಗಣೇಶನ ಹಬ್ಬ ಆದ ಮೇಲೆ ಚೀಲ ತುಂಬಿ, ಬೇಯಿಸಿ, ಅಣಬೆ ಬೀಜ ಹಾಕಿದರೆ ಸಂಕ್ರಾಂತಿ ಹೊತ್ತಿಗೆ ಸರಿಹೋಗುತ್ತದೆ. ಏಪ್ರಿಲ್‌ನಲ್ಲಿ ಬೆಳೆಯಬೇಕು ಅಂದರೆ ಏಸಿ ಕೋಣೆ ಬೇಕು, ಆಮೇಲೆ ಕರೆಂಟ್ ಬಿಲ್ಲಿನ ಮುಂದೆ ಆ 'ಜಾಸ್ತಿ ಬೆಲೆ' ಏನೂ ಅನ್ನಿಸಲ್ಲ.

ಅಣಬೆ ಬೀಜ, ತರಬೇತಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅಣಬೆ ವಿಭಾಗದಲ್ಲಿ ಮೊದಲೇ ವಿಚಾರಿಸಿ. ಮಗನಿಗೆ ಹೇಳಿ, ಈ ವರ್ಷ ಹತ್ತೇ ಚೀಲ. ಕೈ ಕೂರಲಿ.

ಪ್ರಶ್ನೆ: ಶ್ರೀನಿವಾಸಪುರದಿಂದ ಬರೆಯುತ್ತಿದ್ದೇನೆ. ಮಾವಿನ ಹೊಟ್ಟಿನ ಚೀಲ ಬೆಳ್ಳಗಾಗಿತ್ತು. ಈಗ ಗಂಟು ಗಂಟಾಗಿ ಕಂದು ಬಣ್ಣಕ್ಕೆ ತಿರುಗಿ ಕಂದು ನೀರು ಬಿಡುತ್ತಿದೆ. ಬಿಸಾಡಲಾ?

ಉತ್ತರ: ಅಯ್ಯೋ, ಬೇಡ! ಅದು ಚರ್ಮ ಕಟ್ಟುತ್ತಿದೆ, ಅಷ್ಟೇ. ಮೊದಲ ಸಲ ನಾನೂ ಹೀಗೇ ಹೆದರಿ ನಾಲ್ಕು ಚೀಲ ತಿಪ್ಪೆಗೆ ಎಸೆದಿದ್ದೆ. ಕವರ್ ಹರಿದು, ಜಡಿಮಳೆಗೆ ನೆಂದು, ಚಳಿ ಬಿದ್ದ ಮೇಲೆ ಅದೇ ತಿಪ್ಪೆಯಲ್ಲಿ ಅಂಗೈಯಗಲದ ಅಣಬೆ ಎದ್ದಿತ್ತು! ಕೋಣೆಯಲ್ಲಿ ಉಳಿದ ಚೀಲಗಳು ಇನ್ನೂ ಸುಮ್ನೆ ಕೂತಿದ್ದವು.

ಹೆದರಬೇಕಾದದ್ದು ಹಸಿರು ಕಂಡರೆ, ಹುಳಿ ನಾತ ಬಂದರೆ. ಮುಕ್ಕಾಲು ಭಾಗ ಕಂದು ಆದ ಮೇಲೆ ಕವರ್ ತೆಗೆದು ತಣ್ಣೀರಿನಲ್ಲಿ ಒಂದು ರಾತ್ರಿ ಮುಳುಗಿಸಿ. ತೇಲದಂತೆ ಮೇಲೊಂದು ಕಲ್ಲಿಡಿ. ಸುಮಾರು ವಾರದಲ್ಲಿ ಮೊಗ್ಗು ಕಾಣುತ್ತದೆ. ಕಾಂಡ ಉದ್ದವಾಗಿ ಟೋಪಿ ಚಿಕ್ಕದಾದರೆ ಗಾಳಿ ಸಾಲದು, ಕಿಟಕಿ ತೆಗೆಯಿರಿ. ಕೊಯ್ದ ಮೇಲೆ ಎರಡು ಮೂರು ವಾರ ಬಿಟ್ಟು ಮತ್ತೆ ನೆನೆಸಬಹುದು.

ಪ್ರಶ್ನೆ: ತುಮಕೂರಿನಲ್ಲಿ ಮನೆಯಲ್ಲೇ ಬೆಳೆದ ಶಿಟಾಕೆಯನ್ನು ಅರೆಬರೆ ಬಾಡಿಸಿ ತಿಂದೆವು. ಎರಡು ದಿನಕ್ಕೆ ಬೆನ್ನ ಮೇಲೆ ಚಾಟಿಯಲ್ಲಿ ಹೊಡೆದಂಥ ಗೆರೆ, ತುರಿಕೆ. ವಿಷದ ಅಣಬೆಯಾ? ಕಾಂಡವೂ ಅಗಿಯಲಾಗದಷ್ಟು ಗಟ್ಟಿ.

ಉತ್ತರ: ಅಣಬೆ ಸರಿಯಿರಬಹುದು, ಬೆಂದಿಲ್ಲ. ಶಿಟಾಕೆಯಲ್ಲಿ ಲೆಂಟಿನಾನ್ ಅಂತ ಒಂದು ಅಂಶವಿದೆ. ಹಸಿಯಾಗಿ, ಅರೆಬೆಂದದ್ದನ್ನು ತಿಂದರೆ ಅದು ಕೆಲವರಿಗೆ ಇಂಥದೇ ಗೆರೆ ಎಬ್ಬಿಸುತ್ತದೆ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತದೆ, ಆದರೂ ಚರ್ಮದ ಡಾಕ್ಟರಿಗೆ ತೋರಿಸಿ, ಏನು ತಿಂದಿರಿ ಅಂತಲೂ ಹೇಳಿ. ಮುಂದಿನ ಸಲ ಪೂರ್ತಿ ಬೇಯಿಸಿ. ಕಾಂಡವನ್ನು ಒಣಗಿಸಿ ಮಿಕ್ಸಿಯಲ್ಲಿ ಪುಡಿ ಮಾಡಿಕೊಂಡು ಸಾರು ಕುದಿಯುವಾಗ ಒಂದು ಚಮಚ ಹಾಕಿ.