ಸಂಪಾದಕರ ಉತ್ತರ: ಆಡುವವರು ಆಡಲಿ, ಹಾಡುವವರು ಹಾಡಲಿ... ಸರಿ, ಆಮೇಲೆ?

ಮಾನ್ಯರೇ, ನಮಸ್ಕಾರ.

ನಿಮ್ಮ ಪತ್ರ ಮೂರು ಪುಟ ಇದೆ. ಅಷ್ಟನ್ನೂ ಹಾಕಲು ಜಾಗವಿಲ್ಲ, ಹಾಗಾಗಿ ಉಳಿದ ಓದುಗರಿಗಾಗಿ ಚುಟುಕಾಗಿ ಹೇಳಿಬಿಡುತ್ತೇನೆ. ಆಸ್ಟ್ರೇಲಿಯಾದ ಕ್ರಿಕೆಟಿಗ ಉಸ್ಮಾನ್ ಖ್ವಾಜಾ ಬಗ್ಗೆ ನಾನು ಬರೆದಿದ್ದು ನಿಮಗೆ ಹಿಡಿಸಲಿಲ್ಲ. "ಆಡೋಕೆ ಬಂದವನು ಆಡಬೇಕು, ಹಾಡೋಕೆ ಬಂದವನು ಹಾಡಬೇಕು. ಗಾಜಾ ಯುದ್ಧದ ಉಸಾಬರಿ ಇವರಿಗ್ಯಾಕೆ? ಅದನ್ನು ಹೊಗಳೋ ಕೆಲಸ ನಿಮಗ್ಯಾಕೆ?" ಎಂದು ಕೇಳಿದ್ದೀರಿ. ಎರಡನೇ ಪುಟದಲ್ಲಿ ಗಾಯಕ ಟಿ.ಎಂ. ಕೃಷ್ಣ ಅವರಿಗೂ ನಾಲ್ಕು ಏಟು ಬಿದ್ದಿವೆ. ಮೂರನೇ ಪುಟದ ಕೊನೆಗೆ ಬಂದರೆ, "ಕಾವೇರಿ ಗಲಾಟೆ ಆದಾಗ ನಮ್ಮ ನಟರು ಬಾಯಿ ಬಿಡೋಕೆ ಅಷ್ಟು ತಡ ಮಾಡಿದ್ಯಾಕೆ, ತಾಕತ್ತಿದ್ದರೆ ಅದನ್ನು ಬರೆಯಿರಿ" ಎಂಬ ಸವಾಲು.

ಮೊದಲ ಪುಟಕ್ಕೂ ಮೂರನೇ ಪುಟಕ್ಕೂ ಎಲ್ಲೋ ತಾಳ ತಪ್ಪಿದೆ ಅಲ್ವಾ? ಅಲ್ಲಿಯವರು ಮಾತಾಡಿದರೆ ಅಧಿಕಪ್ರಸಂಗ, ಇಲ್ಲಿಯವರು ಸುಮ್ಮನಿದ್ದರೆ ದ್ರೋಹ. ನಿಮ್ಮೊಬ್ಬರನ್ನೇ ಅನ್ನುತ್ತಿಲ್ಲ, ನಮಗೆ ಬರುವ ಪತ್ರಗಳ ಧಾಟಿಯೇ ಇದು. ನಮ್ಮ ಮನಸ್ಸಿನಲ್ಲಿ ಇರುವುದನ್ನು ದೊಡ್ಡವರು ಯಾರಾದರೂ ಮೈಕ್ ಹಿಡಿದು ಹೇಳಿಬಿಡಲಿ, ಬೇರೇನಾದರೂ ಇದ್ದರೆ ಮಾತ್ರ ಬಾಯಿ ಮುಚ್ಚಿಕೊಂಡಿರಲಿ ಎನ್ನುವುದು ಎಲ್ಲರ ಆಸೆ.

ಖ್ವಾಜಾ ಮಾಡಿದ್ದಾದರೂ ಏನು? 2023ರ ಡಿಸೆಂಬರ್‌ನಲ್ಲಿ ಪರ್ತ್‌ನಲ್ಲಿ ಪಾಕಿಸ್ತಾನದ ವಿರುದ್ಧ ಟೆಸ್ಟ್ ಇತ್ತು. ಅಭ್ಯಾಸಕ್ಕೆ ಬಂದಾಗ ಶೂ ಮೇಲೆ ಎರಡು ಸಾಲು ಬರೆದುಕೊಂಡಿದ್ದರು. ಎಲ್ಲ ಜೀವಗಳೂ ಸಮಾನ, ಸ್ವಾತಂತ್ರ್ಯ ಮನುಷ್ಯನ ಹಕ್ಕು, ಅಷ್ಟೇ. ವಿಶ್ವ ಕ್ರಿಕೆಟ್ ನಡೆಸುವ ಐಸಿಸಿ ಬೇಡ ಅಂದಿತು. ಅಕ್ಷರಗಳ ಮೇಲೆ ಟೇಪ್ ಅಂಟಿಸಿಕೊಂಡು ಆಡಿದರು, ತೋಳಿಗೆ ಕಪ್ಪು ಪಟ್ಟಿ ಕಟ್ಟಿದರು, ಅದಕ್ಕೂ ಛೀಮಾರಿ ಬಿತ್ತು. ಪಾರಿವಾಳದ ಸ್ಟಿಕ್ಕರ್‌ಗೂ ಒಪ್ಪಿಗೆ ಸಿಗಲಿಲ್ಲ. ಮೆಲ್ಬರ್ನ್ ಟೆಸ್ಟ್‌ಗೆ ಶೂ ಮೇಲೆ ತಮ್ಮ ಹೆಣ್ಣುಮಕ್ಕಳ ಹೆಸರು ಬರೆದುಕೊಂಡು ಬಂದರು. ಅದಕ್ಕೆ ಯಾರು ಏನು ಹೇಳೋಕಾಗುತ್ತೆ!

ನಿಯಮ ನಿಯಮವೇ ಅನ್ನುತ್ತೀರಿ. ಆದರೆ 2020ರಲ್ಲಿ ಇಂಗ್ಲೆಂಡ್ ಮತ್ತು ವೆಸ್ಟ್ ಇಂಡೀಸ್ ಆಟಗಾರರು ವರ್ಣಭೇದ ವಿರೋಧಿಸುವ ಲಾಂಛನ ಹಾಕಿಕೊಂಡು ಆಡಿದಾಗ ಇದೇ ಐಸಿಸಿ ಅನುಮತಿ ಕೊಟ್ಟಿತ್ತು. 1974ರಲ್ಲಿ ನಮ್ಮ ದೇಶ ಡೇವಿಸ್ ಕಪ್ ಟೆನಿಸ್ ಫೈನಲ್ ತಲುಪಿಯೂ ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯ ಕಾರಣಕ್ಕೆ ಆಡಲಿಲ್ಲ. ಕಪ್ ಅವರ ಪಾಲಾಯಿತು. ಅಮೃತ್‌ರಾಜ್ ಸಹೋದರರಿಗೆ ಎಷ್ಟು ಹೊಟ್ಟೆ ಉರಿದಿರಬೇಕು, ಯೋಚಿಸಿ. ಮೊನ್ನೆ ಮೊನ್ನೆ 2025ರ ಏಷ್ಯಾ ಕಪ್‌ನಲ್ಲಿ ನಮ್ಮ ತಂಡ ಪಾಕಿಸ್ತಾನದವರ ಕೈ ಕುಲುಕಲಿಲ್ಲ. ಕ್ರಿಕೆಟ್ ಮಂಡಳಿ, ಸರ್ಕಾರ, ತಂಡ ಎಲ್ಲ ಒಂದೇ ನಿಲುವಿನಲ್ಲಿದ್ದೆವು ಎಂದು ನಾಯಕ ಸೂರ್ಯಕುಮಾರ್ ಯಾದವ್ ಅವರೇ ಹೇಳಿದರು. ನೀವು ಆವಾಗ ಪತ್ರ ಬರೆದ ನೆನಪಿಲ್ಲ! ರಾಜಕೀಯ ಮೈದಾನಕ್ಕೆ ಬರುವುದೇ ಬೇಡ ಅನ್ನುವವರು ಕಡಿಮೆ ಸ್ವಾಮಿ. ಬಂದರೆ ಮಂಡಳಿಯ ಗೇಟಿನಿಂದ ಬರಲಿ, ಆಟಗಾರನ ಕಿಟ್ ಬ್ಯಾಗ್‌ನಲ್ಲಿ ಮಾತ್ರ ಬೇಡ ಅನ್ನುವವರೇ ಜಾಸ್ತಿ.

ಈ ವಿಷಯದಲ್ಲಿ ನನ್ನ ತಲೆಯಲ್ಲಿ ಯಾವಾಗಲೂ ಕೂತಿರುವ ಹೆಸರು ಬೇರೆ. ಜಿಂಬಾಬ್ವೆಯ ಬೌಲರ್ ಹೆನ್ರಿ ಒಲಾಂಗಾ. ನಿಮ್ಮ ವಯಸ್ಸಿನವರಿಗೆ ಮರೆತಿರಲಿಕ್ಕಿಲ್ಲ. 1999ರ ವಿಶ್ವಕಪ್, ಲೆಸ್ಟರ್. ಸಚಿನ್ ತಂದೆ ತೀರಿಕೊಂಡಿದ್ದರಿಂದ ಊರಿಗೆ ಹೋಗಿದ್ದರು. ಆದರೂ ಗೆಲುವು ನಮ್ಮದೇ ಎನ್ನುವ ಹಾಗಿತ್ತು. 2 ಓವರ್‌ನಲ್ಲಿ 9 ರನ್ ಬೇಕು, 3 ವಿಕೆಟ್ ಕೈಯಲ್ಲಿ. ಒಲಾಂಗಾ ಬಾಲ್ ತಗೊಂಡರು. ರಾಬಿನ್ ಸಿಂಗ್ ಹೋದರು, ನಮ್ಮ ಶ್ರೀನಾಥ್ ಹೋದರು, ನಮ್ಮ ವೆಂಕಟೇಶ್ ಪ್ರಸಾದ್ ಹೋದರು. ಒಂದೇ ಓವರ್‌ನಲ್ಲಿ. 3 ರನ್‌ಗಳಿಂದ ಸೋತೆವು. ಆವತ್ತು ಕರ್ನಾಟಕದ ಎಷ್ಟು ಮನೆಗಳಲ್ಲಿ ಆ ಮನುಷ್ಯನಿಗೆ ಶಾಪ ಹಾಕಿರಬಹುದೋ! ಹಿಂದಿನ ವರ್ಷ ಶಾರ್ಜಾದಲ್ಲಿ ಸಚಿನ್ ಅವರನ್ನು ಬೌನ್ಸರ್ ಹಾಕಿ ಔಟ್ ಮಾಡಿ, ಆಮೇಲೆ ಫೈನಲ್‌ನಲ್ಲಿ ಅದೇ ಸಚಿನ್ ಕೈಯಲ್ಲಿ ಚೆನ್ನಾಗಿ ಬಾರಿಸಿಕೊಂಡವರೂ ಇವರೇ.

ಜಿಂಬಾಬ್ವೆ ಪರ ಆಡಿದ ಮೊದಲ ಕಪ್ಪು ಕ್ರಿಕೆಟಿಗ ಅವರು. 2003ರ ಫೆಬ್ರವರಿ 10, ಹರಾರೆ, ತವರಿನಲ್ಲೇ ವಿಶ್ವಕಪ್ ಪಂದ್ಯ, ಎದುರಾಳಿ ನಮೀಬಿಯಾ. ರಾಬರ್ಟ್ ಮುಗಾಬೆ ಆಡಳಿತದಲ್ಲಿ ಜನ ಏಟು ತಿನ್ನುತ್ತಿದ್ದ ಕಾಲ. ಒಲಾಂಗಾ ಮತ್ತು ಆಂಡಿ ಫ್ಲವರ್ ಇಬ್ಬರೂ ತೋಳಿಗೆ ಕಪ್ಪು ಪಟ್ಟಿ ಸುತ್ತಿಕೊಂಡು ಬಂದರು. ನಮ್ಮ ಪ್ರೀತಿಯ ದೇಶದಲ್ಲಿ ಪ್ರಜಾಪ್ರಭುತ್ವ ಸತ್ತಿದೆ, ಅದಕ್ಕೆ ಈ ಶೋಕ ಎಂದು ಮೊದಲೇ ಪತ್ರಕರ್ತರಿಗೆ ಬರೆದುಕೊಟ್ಟಿದ್ದರು. ಫ್ಲವರ್ ಆಗ ಜಗತ್ತಿನ ದೊಡ್ಡ ಬ್ಯಾಟ್ಸ್‌ಮನ್‌ಗಳಲ್ಲಿ ಒಬ್ಬರು. ಇಂಗ್ಲೆಂಡಿಗೆ ಹೋದರು, ಮುಂದೆ ಅಲ್ಲಿನ ಕೋಚ್ ಆದರು. ಒಲಾಂಗಾ ಪಾಡು ಬೇರೆ. ತಂಡದಿಂದ ಹೊರಗಿಟ್ಟರು, ಕೊಲೆ ಬೆದರಿಕೆ ಬಂತು, ಟೂರ್ನಿ ಮುಗಿದ ಮೇಲೆ ಊರಿಗೆ ಮರಳುವ ಹಾಗಿರಲಿಲ್ಲ. ಆಡುವ ವಯಸ್ಸಿನಲ್ಲೇ, ಇನ್ನೂ 26 ವರ್ಷಕ್ಕೇ, ಅಂತರರಾಷ್ಟ್ರೀಯ ಕ್ರಿಕೆಟ್ ಮುಗಿಯಿತು. ಮೊದಲು ಇಂಗ್ಲೆಂಡ್, ಆಮೇಲೆ ಆಸ್ಟ್ರೇಲಿಯಾ. ಅಂದ ಹಾಗೆ ಒಳ್ಳೆ ಹಾಡುಗಾರರೂ ಹೌದು, 2019ರಲ್ಲಿ ಅಲ್ಲಿನ ಟಿವಿ ಹಾಡಿನ ಸ್ಪರ್ಧೆಗೂ ಬಂದಿದ್ದರು. ನಿಮ್ಮ ಪ್ರಕಾರ ಅವರು ಆಡಬೇಕಿತ್ತಾ, ಹಾಡಬೇಕಿತ್ತಾ? ಎರಡೂ ಬರುತ್ತಿತ್ತಲ್ಲ!

ಹಾಗಾಗಿ ಒಬ್ಬ ಪ್ರಸಿದ್ಧರ ಮಾತಿಗೆ ಎಷ್ಟು ಬೆಲೆ ಕೊಡಬೇಕು ಎಂದು ಕೇಳಿದರೆ, ಅವರ ಕಸುಬು ಏನು ಎಂದು ನಾನು ನೋಡುವುದಿಲ್ಲ. ಆ ಮಾತಿಗೆ ಅವರು ಕೈಯಿಂದ ಏನು ತೆತ್ತರು ಎಂದು ನೋಡುತ್ತೇನೆ. ಎಲ್ಲರೂ ಹೇಳಿದ ಮೇಲೆ, ಹೇಳದಿದ್ದರೆ ನಷ್ಟ ಎಂದು ಗೊತ್ತಾದ ಮೇಲೆ, ಏಜೆನ್ಸಿಯವರು ಬರೆದುಕೊಟ್ಟ ಎರಡು ಸಾಲನ್ನು ಹ್ಯಾಶ್‌ಟ್ಯಾಗ್ ಸಮೇತ ಹಾಕುವ ಸ್ಟಾರ್‌ಗಳಿದ್ದಾರಲ್ಲ, ಅವರ ಬಗ್ಗೆ ನನಗೂ ನಿಮ್ಮಷ್ಟೇ ಸಿಟ್ಟಿದೆ.

ಈಗ ಕಾವೇರಿಗೆ ಬರೋಣ. 2023ರ ಸೆಪ್ಟೆಂಬರ್ 28ರಂದು ತಮಿಳು ನಟ ಸಿದ್ಧಾರ್ಥ್ ಬೆಂಗಳೂರಿನಲ್ಲಿ ಪತ್ರಿಕಾಗೋಷ್ಠಿ ನಡೆಸುತ್ತಿದ್ದಾಗ ಹೋರಾಟಗಾರರು ನುಗ್ಗಿ ನಿಲ್ಲಿಸಿದರು. ಮರುದಿನವೇ ಕರ್ನಾಟಕ ಬಂದ್. ಚಿತ್ರರಂಗದವರೆಲ್ಲ ಪ್ರತಿಭಟನೆಗೆ ಕೂತರು. ಅಲ್ಲಿ ಮೈಕ್ ಹಿಡಿದ ಶಿವರಾಜ್‌ಕುಮಾರ್, ನೀರಿನ ವಿಷಯ ಮಾತಾಡಿದ್ದಲ್ಲದೆ, ಆದ ಘಟನೆಗೆ ಇಡೀ ಕನ್ನಡ ಚಿತ್ರರಂಗದ ಪರವಾಗಿ ಸಿದ್ಧಾರ್ಥ್ ಅವರ ಕ್ಷಮೆ ಕೇಳಿದರು. ನೀರಿಗಾಗಿ ಕೂಗುತ್ತಿದ್ದ ಜನರ ಎದುರಲ್ಲೇ, ಬಂದ್ ದಿನವೇ! ಚಪ್ಪಾಳೆಗೆ ಬೇಕಾದ ಮಾತು ಹತ್ತಿದ್ದವು, ಅವರು ಬೇರೆ ಮಾತು ಆರಿಸಿಕೊಂಡರು. ತಡವಾಯಿತು ಎನ್ನುವ ನಿಮ್ಮ ಲೆಕ್ಕದಲ್ಲಿ ಇದು ಎಲ್ಲೂ ಕಾಣಲಿಲ್ಲ.

ಅವರ ತಂದೆಯನ್ನೇ ನೋಡಿ. ಗೋಕಾಕ್ ವರದಿ ಜಾರಿಗೆ ಸಾಹಿತಿಗಳು ಹೋರಾಟ ಶುರು ಮಾಡಿದ್ದರು, ಅದು ಬೀದಿ ಬೀದಿಗೆ ಹೋಗಿದ್ದು 1982ರಲ್ಲಿ ರಾಜ್‌ಕುಮಾರ್ ಬಂದ ಮೇಲೆ. ನಟನಿಗೆ ಶಾಲೆಯ ಪ್ರಥಮ ಭಾಷೆಯ ವಿಷಯ ಯಾಕೆ ಎಂದು ಇವತ್ತು ಯಾರಾದರೂ ಕೇಳುತ್ತಾರಾ? ಅದೇ ರಾಜ್ ಎಷ್ಟು ಜನ ಕರೆದರೂ ಚುನಾವಣೆಗೆ ನಿಲ್ಲಲಿಲ್ಲ. ಎಲ್ಲದಕ್ಕೂ ಮಾತಾಡಲೇಬೇಕು ಎಂದು ಅವರಿಗೂ ಅನಿಸಿರಲಿಲ್ಲ. ಸುಮ್ಮನಿರುವ ಹಕ್ಕೂ ಇರಬೇಕಲ್ವಾ? ಪ್ರತಿ ಘಟನೆಗೂ ಇಂಥ ನಟ ಯಾಕೆ ಬಾಯಿ ಬಿಟ್ಟಿಲ್ಲ ಎಂದು ಹಾಜರಿ ತೆಗೆದುಕೊಳ್ಳುವ ಕೆಲಸ ನಮ್ಮ ಪತ್ರಿಕೆ ಮಾಡುವುದಿಲ್ಲ.

ಟಿ.ಎಂ. ಕೃಷ್ಣ ವಿಷಯದಲ್ಲಿ ನಿಮಗೆ ಆಶ್ಚರ್ಯ ಆಗಬಹುದು. 2024ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಪ್ರಶಸ್ತಿ ಘೋಷಿಸಿದಾಗ ರಂಜನಿ-ಗಾಯತ್ರಿ ಸಹೋದರಿಯರು ಆ ವರ್ಷದ ಅಲ್ಲಿನ ಕಛೇರಿಯನ್ನೇ ಬಿಟ್ಟುಕೊಟ್ಟರು. ಕೃಷ್ಣ ಅವರಿಂದ ಕರ್ನಾಟಕ ಸಂಗೀತ ಲೋಕಕ್ಕೆ ಹಾನಿಯಾಗಿದೆ ಎಂಬ ಅವರ ವಾದ ನನಗೆ ಒಂದಿಷ್ಟೂ ಒಪ್ಪಿಗೆಯಿಲ್ಲ, ಕೃಷ್ಣ ಅವರಿಗೆ ಆ ಗೌರವ ಸಲ್ಲಬೇಕಿತ್ತು. ಆದರೆ ಡಿಸೆಂಬರ್ ಸೀಸನ್‌ನಲ್ಲಿ ಆ ವೇದಿಕೆ ಬಿಡುವುದು ಸಂಗೀತಗಾರರಿಗೆ ಸಣ್ಣ ಮಾತಲ್ಲ. ಕೈಯಿಂದ ಕಳೆದುಕೊಂಡು ಹೇಳಿದರು, ಅದಕ್ಕೆ ಮರ್ಯಾದೆ ಕೊಡುತ್ತೇನೆ. ಅವರ ಹಾಡು ಈಗಲೂ ಕೇಳುತ್ತೇನೆ. ನೀವೂ ಕೃಷ್ಣ ಅವರ ಮಾತು ಬಿಟ್ಟು ಒಂದು ವಿಳಂಬದ ಕೃತಿ ಕೇಳಿ ನೋಡಿ, ಬೈಯುವುದನ್ನು ಆಮೇಲೆ ಮುಂದುವರಿಸಬಹುದು.

ಇನ್ನು ಚಂದಾ ನಿಲ್ಲಿಸುತ್ತೇನೆ ಅಂದಿದ್ದೀರಿ. ಅದು ನಿಮ್ಮಿಷ್ಟ. ಆದರೆ ವರ್ಷದ ದುಡ್ಡು ಕಟ್ಟಿದ್ದೀರಿ, ಅವಧಿ ಇನ್ನೂ ಮುಗಿದಿಲ್ಲ, ಅಲ್ಲಿಯವರೆಗೆ ಪತ್ರಿಕೆ ಮನೆಗೆ ಬರುತ್ತಲೇ ಇರುತ್ತದೆ. ಮುಂದಿನ ಪತ್ರ ಒಂದು ಪುಟದಲ್ಲಿ ಬರೆದರೆ ಪೂರ್ತಿ ಅಚ್ಚು ಹಾಕುತ್ತೇವೆ.

– ಸಂ.