ರೆಕಾರ್ಡ್ ರೂಮಿನಲ್ಲಿ ಸಿಕ್ಕ ಅಪ್ಪನ ಸಹಿ

ಆಕೆಗೆ ಮೂವತ್ತೊಂದು ವರ್ಷ. ಮಲೆನಾಡಿನ ಅಂಚಿನ ಒಂದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ದ್ವಿತೀಯ ದರ್ಜೆ ಸಹಾಯಕಿ. ಇಲ್ಲಿ ಲಲಿತಾ ಎಂದು ಕರೆಯುತ್ತೇನೆ. ಹೆಸರನ್ನೂ ಗುರುತು ಸಿಗುವ ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಆಕೆ ಒಪ್ಪಿದ್ದಾರೆ.

ನಿದ್ದೆ ಬರುತ್ತಿಲ್ಲ ಎಂದು ಆಪ್ತ ಸಮಾಲೋಚಕಿಯಾದ ನನ್ನ ಬಳಿ ಬಂದಿದ್ದರು. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಎದೆ ಹಿಡಿದಂತಾಗುತ್ತದೆ, ಭಾನುವಾರ ಸಂಜೆಯಿಂದಲೇ ಹೊಟ್ಟೆ ತೊಳಸುತ್ತದೆ. ಮಾತಿನ ನಡುವೆ ಬಿಡದೆ ಕೆಮ್ಮುತ್ತಿದ್ದರು. ಹಳೇ ಕಾಗದದ ದೂಳಿನಲ್ಲಿ ದಿನವಿಡೀ ಕೂರುವವರ ಎದೆಬಿಗಿತವನ್ನು ಆತಂಕ ಎಂದು ತೀರ್ಮಾನಿಸುವ ಮೊದಲು ವೈದ್ಯರು ನೋಡಬೇಕು. ಕಳಿಸಿದೆ. ದೂಳಿನ ಅಲರ್ಜಿ ಇತ್ತು. ಔಷಧಿಯಿಂದ ಕೆಮ್ಮು ತಗ್ಗಿತು, ನಿದ್ದೆ ಮಾತ್ರ ಬರಲಿಲ್ಲ.

ತಂದೆ ಗ್ರಾಮ ಲೆಕ್ಕಿಗರಾಗಿದ್ದು ಸೇವೆಯಲ್ಲಿರುವಾಗಲೇ ತೀರಿಕೊಂಡವರು. ಅನುಕಂಪದ ಆಧಾರದಲ್ಲಿ ಲಲಿತಾಗೆ ಕೆಲಸ ಸಿಕ್ಕಿತು. ಎರಡು ವರ್ಷದ ಹಿಂದೆ ರೆಕಾರ್ಡ್ ರೂಮಿಗೆ ಹಾಕಿದಾಗ ಯಾರೂ ಚಾರ್ಜ್ ಪಟ್ಟಿ, ಅಂದರೆ ಏನೇನು ವಹಿಸಿಕೊಟ್ಟಿದ್ದಾರೆ ಎಂಬ ಪಟ್ಟಿ, ಕೊಡಲಿಲ್ಲ. ಹಿಂದಿನವರು ಬೀಗದ ಕೈ ಕೊಟ್ಟು, "ಒಳಗಿರೋದೆಲ್ಲ ಇನ್ಮೇಲೆ ನಿಂದೇ ಕಣಮ್ಮ" ಅಂದರಂತೆ. ಒಳಗೆ ಕೆಂಪು ಬಟ್ಟೆಯ ಗಂಟುಗಳು, ಗೆದ್ದಲು ಹಿಡಿದ ಒಂದು ಕಪಾಟು, ಮಳೆಗಾಲದಲ್ಲಿ ಸೋರುವ ಒಂದು ಮೂಲೆ.

ಆಕೆಯನ್ನು ಕಾಡುತ್ತಿದ್ದದ್ದು ಒಬ್ಬ ಮುದುಕರು. ತಿಂಗಳಿಗೆರಡು ಸಲ ಬಂದು, "ಅಮ್ಮಾ, ನಮ್ಮಪ್ಪಂದು ಏಳರ ಫಾರಂ ಸಿಕ್ತಾ?" ಎಂದು ಕೇಳುತ್ತಿದ್ದರು. ಭೂಸುಧಾರಣೆ ಕಾಯ್ದೆಯ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವರು ನಮೂನೆ 7ರಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಆದೇಶದ ಮೇಲೆ ಹಕ್ಕು ಪಡೆದರು. ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ ಈಗ ಆ ಕಡತವೇ ಬೇಕಾಗಿದೆ. "ಕಡತ ಲಭ್ಯವಿಲ್ಲ" ಎಂದು ಹಿಂಬರಹ ಕೊಡುವುದು ಸುಲಭ. ಆ ಮುಖ ನೋಡಿ ಆಕೆಗೆ ಕೈ ಬರುತ್ತಿರಲಿಲ್ಲ. ಕಚೇರಿ ಮುಗಿದ ಮೇಲೆ ಏಳೂವರೆಯವರೆಗೆ ಒಬ್ಬರೇ ಗಂಟು ಬಿಚ್ಚಿ ಹುಡುಕುತ್ತಿದ್ದರು.

ಮೊದಲ ಎರಡು ಭೇಟಿಗಳಲ್ಲಿ ನಾನು ದಾರಿ ತಪ್ಪಿದ್ದೆ. ಅತಿಯಾದ ಜವಾಬ್ದಾರಿ, ಇಲ್ಲ ಎನ್ನಲಾಗದ ಸ್ವಭಾವ ಎಂದುಕೊಂಡು ಅದರ ಮೇಲೆಯೇ ಮಾತಾಡಿಸಿದೆ. ಮೂರನೆಯ ಸಲ ಎದ್ದು ಹೊರಟವರು ಬಾಗಿಲ ಬಳಿ ನಿಂತು, "ಮೇಡಂ, ಒಂದು ಹಾಳೆ ಹರಿದುಹಾಕಿದ್ರೆ ಯಾರಿಗೂ ಗೊತ್ತಾಗಲ್ಲ ಅಲ್ವಾ?" ಎಂದು ಕೇಳಿದರು.

ಮತ್ತೆ ಕೂರಿಸಿದೆ. ಕಡತಗಳ ಚಲನವಲನ ವಹಿಯಲ್ಲಿ ಆ ಕಡತದ ಸಂಖ್ಯೆ ಸಿಕ್ಕಿತ್ತು. ಎದುರಿಗೆ ನೀಲಿ ಶಾಯಿಯಲ್ಲಿ "ಗ್ರಾ.ಲೆ. ಪಡೆದಿರುತ್ತಾರೆ", ಅಂದರೆ ಗ್ರಾಮ ಲೆಕ್ಕಿಗರು ಪಡೆದಿದ್ದಾರೆ, ಎಂದು ಬರೆದು ಸಹಿ ಹಾಕಿತ್ತು. ವಾಪಸಾದ ಕಲಂ ಖಾಲಿ. ಸಹಿ ಅಪ್ಪನದು, ಕೊನೆಯ ಅಕ್ಷರದ ಬಾಲವನ್ನು ಕೆಳಗೆ ಎಳೆದು ಎರಡು ಚುಕ್ಕೆ ಇಡುವುದು ಅವರ ರೂಢಿ. ಭೂ ಸುರಕ್ಷಾ ಯೋಜನೆಯಲ್ಲಿ 2024ರಿಂದ ತಾಲ್ಲೂಕು ಕಚೇರಿಗಳ ಹಳೆ ದಾಖಲೆಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ತಮ್ಮ ಕಚೇರಿಯಲ್ಲೂ ಪುಟಕ್ಕೆ ಪುಟ ಎಣಿಸಲು ಕೂತಾಗ ಇದು ಹೊರಬೀಳುತ್ತದೆ, ಅಪ್ಪನ ಹೆಸರು ಕೆಡುತ್ತದೆ ಎಂಬ ದಿಗಿಲು. ಅವರಿಂದ ಬಂದ ಕೆಲಸದಲ್ಲಿ ಕೂತು ಅವರನ್ನೇ ಸಿಕ್ಕಿಸಿದಂತಾಗುತ್ತದಲ್ಲ ಎಂದು ಅತ್ತರು.

ಹರಿದಿರಲಿಲ್ಲ. ಅದನ್ನು ಮೊದಲು ಖಚಿತಪಡಿಸಿಕೊಂಡೆ. ಆಮೇಲೆ ಹೇಳಿದೆ: "ಹರಿಯಬೇಕು ಅನ್ನಿಸಿದ್ದು ಪ್ರೀತಿಯಿಂದ. ಹರಿದರೆ ಅಪ್ಪನ ಲೋಪ ಹೋಗಿ ನಿಮ್ಮ ಅಪರಾಧವಾಗುತ್ತದೆ. ಆ ಸಾಲು ಹೇಳುವುದು ಅವರು ಕಡತ ಪಡೆದರು ಎಂದಷ್ಟೇ, ಕಳೆದರು ಎಂದಲ್ಲ. ವಾಪಸು ಕೊಟ್ಟಾಗ ಬರೆದುಕೊಳ್ಳದೇ ಇದ್ದಿರಬಹುದು. ಅವರು ಸಹಿ ಹಾಕಿದ್ದಾರಲ್ಲ, ಅದು ಮುಚ್ಚಿಡುವವರು ಮಾಡುವ ಕೆಲಸವಲ್ಲ." ಈ ಕೊನೆಯ ಮಾತಿಗೆ ಆಕೆ ಬಹಳ ಹೊತ್ತು ಸುಮ್ಮನಿದ್ದರು.

ಮುಂದಿನ ಸಲಹೆಗಳೆಲ್ಲ ಕೈಯಿಂದ ಮಾಡುವಂಥವು. ಮನಸ್ಸು ಹಗುರಾಗಲು ಕೆಲವೊಮ್ಮೆ ಉಸಿರಾಟದ ಅಭ್ಯಾಸಕ್ಕಿಂತ ಒಂದು ಟಿಪ್ಪಣಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಹಿಂದಿನವರು ಕೊಡದ ಚಾರ್ಜ್ ಪಟ್ಟಿಯನ್ನು ತಾವೇ ತಯಾರಿಸುವುದು, ದಿನಕ್ಕೆ ಒಂದೇ ಕಪಾಟು, ಕಚೇರಿ ವೇಳೆಯಲ್ಲೇ. ಇರುವುದು, ಇಲ್ಲದ್ದು, ಗೆದ್ದಲು ತಿಂದದ್ದು, ಎಲ್ಲವನ್ನೂ ಬರೆದು ಶಿರಸ್ತೇದಾರರ ಮೂಲಕ ತಹಶೀಲ್ದಾರರಿಗೆ ಸಲ್ಲಿಸಿ ಸ್ವೀಕೃತಿ ಪಡೆಯುವುದು. ಅಪ್ಪನ ಸಹಿಯಿರುವ ನಮೂದನ್ನು ಇದ್ದಂತೆಯೇ ಸೇರಿಸಿ, ಅವರು ತನ್ನ ತಂದೆ ಎಂದು ತಾವೇ ತಿಳಿಸುವುದು, ಆ ಕಡತದ ಹುಡುಕಾಟವನ್ನು ಇನ್ನೊಬ್ಬರಿಗೆ ವಹಿಸುವಂತೆ ಕೋರುವುದು. ಸಂಜೆ ಒಂಟಿಯಾಗಿ ಹುಡುಕುವುದನ್ನು ಪೂರ್ತಿ ನಿಲ್ಲಿಸುವುದು. ಗಂಟು ಬಿಚ್ಚುವಾಗ ಮಾಸ್ಕ್, ತೆರೆದ ಕಿಟಕಿ. ನಡುರಾತ್ರಿ ತಡೆಯಲಾಗದಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್‌ನ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮುದುಕರ ವಿಷಯದಲ್ಲಿ ನಾನು ಕೇಳಿದ್ದು ಒಂದೇ: ಆ ಕಡತ ಸಿಗದಿದ್ದರೆ ಅದರ ಗುರುತು ಇನ್ನೆಲ್ಲಿ ಉಳಿದಿರುತ್ತದೆ? ಆಕೆ ತಡವರಿಸದೆ ಹೇಳುತ್ತಾ ಹೋದರು. ನಮೂನೆ 7ರ ರಿಜಿಸ್ಟರ್, ಜಮೀನಿನ ಹಕ್ಕು ಬದಲಾದದ್ದನ್ನು ಬರೆಯುವ ಮ್ಯುಟೇಷನ್ ವಹಿ, ಕೈಬರಹದ ಹಳೆ ಪಹಣಿ, ಮನೆಯ ಟ್ರಂಕಿನಲ್ಲಿ ಎಲ್ಲೋ ಇರಬಹುದಾದ, ನಮೂನೆ 10ರಲ್ಲಿ ಕೊಟ್ಟ ಹಕ್ಕುಪತ್ರದ ಮೂಲ ಪ್ರತಿ. ಅಷ್ಟು ದಿನ ಕುಗ್ಗಿ ಕೂರುತ್ತಿದ್ದವರ ದನಿ ಆಗ ಬೇರೆಯೇ ಆಗಿತ್ತು. ಇದನ್ನೇ ಅವರಿಗೂ ಕೂರಿಸಿ ಹೇಳಿ ಎಂದೆ.

ಮೂರು ತಿಂಗಳ ಮೇಲೆ ಮತ್ತೆ ಬಂದರು. ಕಡತ ಸಿಕ್ಕಿಲ್ಲ. ಮ್ಯುಟೇಷನ್ ವಹಿಯಲ್ಲಿ ನ್ಯಾಯಮಂಡಳಿಯ ಆದೇಶದ ಸಂಖ್ಯೆ, ದಿನಾಂಕ ಸಿಕ್ಕಿ, ಮುದುಕರು ಅದರ ದೃಢೀಕೃತ ನಕಲು ಒಯ್ದಿದ್ದಾರೆ. ವ್ಯಾಜ್ಯ ಇನ್ನೂ ನಡೆಯುತ್ತಿದೆ. ಟಿಪ್ಪಣಿ ಓದಿದ ತಹಶೀಲ್ದಾರರು ಅಪ್ಪನ ಬಗ್ಗೆ ಏನೂ ಕೇಳದೆ, ಸೋರುವ ಮೂಲೆಯ ಗಂಟುಗಳನ್ನು ಮೊದಲು ಬೇರೆಡೆ ಇಡಿಸಿ ಎಂದರಂತೆ. ವಾರದಲ್ಲಿ ನಾಲ್ಕೈದು ರಾತ್ರಿ ನಿದ್ದೆ ಬರುತ್ತಿದೆ.

ಊಟದ ಬಿಡುವಿನಲ್ಲಿ ಅಪ್ಪ ಬರೆದ ಹಳೆ ಪಹಣಿ ಪುಸ್ತಕ ತೆಗೆದು ನೋಡುತ್ತೇನೆ, ರಾಗಿ, ಭತ್ತ, ಬೀಳು ಎಂದು ಸರ್ವೆ ನಂಬರಿಗೊಂದೊಂದು ಬರೆದಿದ್ದಾರೆ, ಇದು ತಪ್ಪಾ ಮೇಡಂ ಎಂದು ಕೇಳಿದರು. ಬಿಡಿ ಎಂದು ನಾನು ಹೇಳಲಿಲ್ಲ.